ನಾರಾವಿಯಲ್ಲಿ ಕಾದು ನಿಂತವರು

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿಗೆ ಸೇರಿದ ನಾರಾವಿಯು ಪಶ್ಚಿಮಘಟ್ಟದ ಅಡಿಯಲ್ಲಿರುವ ಊರು. ಅಲ್ಲಿಯ ಸೂರ್ಯನಾರಾಯಣ ದೇವಾಲಯವು ಸುತ್ತಲ ಸೀಮೆಯಲ್ಲಿ ಹೆಸರಾದುದು. ಊರಿನ ಬೆನ್ನಿಗೆ ಏಳುವ ಬೆಟ್ಟಸಾಲು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕುದುರೆಮುಖದ ಕಾಡಿಗೆ ಸೇರುತ್ತದೆ. ಕಾರ್ಕಳದಿಂದ ಬಜಗೋಳಿಯ ಮೂಲಕ ಧರ್ಮಸ್ಥಳಕ್ಕೆ ತೆರಳುವ ಯಾತ್ರಿಕರು ಈ ಊರನ್ನು ದಾಟಿಯೇ ಹೋಗುತ್ತಾರೆ. ನಾವೂ ಹಲವು ಬಾರಿ ಬಸ್ಸಿನಲ್ಲಿ ದಾಟಿದವರೇ. ಆಗೆಲ್ಲ ಊರಿನ ಹೆಸರು ಬರೆದ ಹಲಗೆಯನ್ನಲ್ಲದೆ ಬೇರೇನನ್ನೂ ಕಂಡಿರಲಿಲ್ಲ. ಕಳೆದ ಚಳಿಗಾಲದಲ್ಲಿ ಸೈಕಲ್ಲನ್ನೇರಿ ಅಲ್ಲಿಗೆ ಹೋಗುವ ಯೋಗ ಒದಗಿತು. ಆ ಪ್ರಯಾಣದ ವೃತ್ತಾಂತವನ್ನು ಓದುಗ ಬಂಧುಗಳಲ್ಲಿ ಹಂಚಿಕೊಳ್ಳಬೇಕೆನಿಸಿದೆ.

ಧವಲಾದಿ ಸಿದ್ಧಾಂತ ಗ್ರಂಥಗಳ ಪ್ರಾಚೀನ ತಾಳೆಗರಿ ಪ್ರತಿಗಳನ್ನು ಕಾಪಾಡಿಕೊಂಡು ಬಂದ ಮೂಡುಬಿದಿರೆಗೆ ಅಧ್ಯಯನದ ನಿಮಿತ್ತ ಹೋಗಿದ್ದೆವು. ನಾವು ಇಳಿದುಕೊಂಡಿದ್ದ ಮನೆಯ ತರುಣನು ಸೈಕಲ್ ಸವಾರರ ಸಂಘವೊಂದರ ಸದಸ್ಯ. ವೈದ್ಯರು, ಶಿಕ್ಷಕರು, ಅಂಗಡಿಕಾರರು, ವಿದ್ಯಾರ್ಥಿಗಳು ಹೀಗೆ ಹದಿನೈದು ಮಂದಿ ಭಾನುವಾರದ ನಸುಕಿನಲ್ಲಿ ಕೂಡಿ ಹೊರಡುತ್ತಾರೆ. ರಜೆ ದೊರೆತಾಗ ಮೂರು ನಾಲ್ಕು ದಿನಗಳ ಪ್ರವಾಸವನ್ನೂ ಕೈಗೊಳ್ಳುತ್ತಾರೆ. “ತಾವೂ ಬನ್ನಿ, ನಿಧಾನವಾಗಿಯೇ ಹೋಗುತ್ತೇವೆ” ಎಂದು ಅವನು ಕರೆದನು. ನಿತ್ಯವೂ ಸೈಕಲ್ ತುಳಿಯುವ ಅಭ್ಯಾಸ ನಮಗಿದ್ದುದರಿಂದ, ಅರುವತ್ತು ದಾಟಿದ ವಯಸ್ಸನ್ನು ಮರೆತು ಒಪ್ಪಿದೆವು.

ಸವಾರಿಗೆ ಅದರದೇ ಆದ ಕಟ್ಟಳೆಗಳಿವೆ. ದಾರಿ ಬಲ್ಲವನು ಮುಂದಿರುತ್ತಾನೆ. ರಸ್ತೆಯಲ್ಲಿ ಗುಂಡಿ ಕಂಡರೆ ಅವನು ಕೈಚಾಚಿ ತೋರಿಸಬೇಕು. ಆ ಸನ್ನೆಯನ್ನು ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ದಾಟಿಸಬೇಕು. ಎದುರುಗಾಳಿಯನ್ನು ಮುಂದಿನವನು ಸೀಳುವುದರಿಂದ ಹಿಂದಿನವನ ಶ್ರಮ ಬಹಳ ಕಡಿಮೆಯಾಗುತ್ತದೆ. ಆದಕಾರಣ ಬಲವುಳ್ಳವರು ಸರದಿಯಂತೆ ಮುಂದೆ ಬರುತ್ತಾರೆ. ಎಲ್ಲರಿಗಿಂತ ಹಿಂದೆ, ಪಂಪು ಮತ್ತು ಟ್ಯೂಬುಗಳ ಚೀಲವನ್ನು ಕಟ್ಟಿಕೊಂಡ ಒಬ್ಬರು ಇರುತ್ತಾರೆ. ಅವರು ಯಾರನ್ನೂ ಹಿಂದಿಕ್ಕುವಂತಿಲ್ಲ. ಅಂದು ಆ ಹೊಣೆ ಬ್ಯಾಂಕಿನಲ್ಲಿ ಉದ್ಯೋಗದಲ್ಲಿರುವ ಒಬ್ಬ ಸೋದರಿಯ ಪಾಲಿಗೆ ಬಂದಿತ್ತು.

ಮೂಡುಬಿದಿರೆಯಿಂದ ಸುಮಾರು 20 ಕಿಲೋಮೀಟರು ದೂರದ ವೇಣೂರನ್ನು ಬಿಸಿಲೇರುವ ಮುನ್ನವೇ ತಲುಪಿದೆವು. ಅಜಿಲ ಅರಸನಾದ ತಿಮ್ಮಣ್ಣನು 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟಮೂರ್ತಿಯು ಫಲ್ಗುಣಿ ನದಿಯ ದಂಡೆಯಲ್ಲಿದೆ. ಅಲ್ಲಿಂದ ನಾರಾವಿಯ ಮಾರ್ಗವನ್ನು ಹಿಡಿದೆವು. ಬಯಲುಸೀಮೆಯ ನೇರ ರಸ್ತೆಗಳಲ್ಲಿ ಪಳಗಿದ ಕಾಲುಗಳಿಗೆ ಈ ಸೀಮೆ ಬೇರೆಯೇ ಪಾಠ ಕಲಿಸುತ್ತದೆ. ಇಲ್ಲಿ ಪ್ರತಿಯೊಂದು ತೋಡಿಗೂ ಇಳಿಯಬೇಕು, ಪ್ರತಿಯೊಂದು ಗುಡ್ಡಕ್ಕೂ ಏರಬೇಕು. ಅಡಕೆಯ ತೋಟ ಮುಗಿದರೆ ರಬ್ಬರಿನ ತೋಪು, ಅದು ಮುಗಿದರೆ ಕಾಡು. ಬಸ್ಸಿನಲ್ಲಿ ಕೂತವನಿಗೆ ಕಾಣದ ಏರುಗಳೆಲ್ಲ ಅಂದು ನಮ್ಮ ಮೊಣಕಾಲಿಗೆ ಒಂದೊಂದಾಗಿ ಪರಿಚಯವಾದವು. ಕೊನೆಗೆ ಒಂದು ಏರಿನಲ್ಲಿ ಇಳಿದು ಸೈಕಲ್ಲನ್ನು ತಳ್ಳತೊಡಗಿದೆವು. ಜೊತೆಯವರು ತಿರುವಿನಲ್ಲಿ ಮರೆಯಾದರು. ಹಿಂದಿದ್ದ ಸೋದರಿಯು ತಾನೂ ಇಳಿದು ನಡೆದಳು. ಅವಸರಪಡಿಸಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಮರದ ಮೇಲಿನ ಮಂಗಟ್ಟೆಯನ್ನು ತೋರಿಸಿದಳು, ಅಷ್ಟೆ.

ನಾರಾವಿಯ ಪೇಟೆಯನ್ನು ಮುಟ್ಟಿದಾಗ ಉಳಿದವರು ಬಂದು ಅರ್ಧ ಗಂಟೆಯೇ ಆಗಿತ್ತು. ಹೋಟೆಲಿನ ಮುಂದೆ ಸೈಕಲ್ಲುಗಳನ್ನು ಸಾಲಾಗಿ ಒರಗಿಸಿ ನಿಂತಿದ್ದರು. ಒಬ್ಬರ ಕೈಯಲ್ಲೂ ಚಹಾದ ಲೋಟವಿರಲಿಲ್ಲ. ಕಾರಣ ಕೇಳಲಾಗಿ, “ಕೊನೆಯವರು ಬಂದ ಮೇಲೆಯೇ ಚಹಾ, ಅದು ನಮ್ಮಲ್ಲಿಯ ಪದ್ಧತಿ” ಎಂದು ಹೇಳಿ, ನಮಗಾಗಿ ಬೆಂಚಿನ ಮೇಲೆ ಸ್ಥಳ ಮಾಡಿಕೊಟ್ಟರು. ಆ ಚಹಾ ನಮ್ಮ ಗಂಟಲಿನಲ್ಲಿ ಸುಲಭವಾಗಿ ಇಳಿಯಲಿಲ್ಲ.

ನಾವು ಮಠದಲ್ಲಿದ್ದು ಓದುತ್ತಿದ್ದ ಕಾಲದಲ್ಲಿ ನಾಲ್ವರು ವಿದ್ಯಾರ್ಥಿಗಳು ಗಂಟೆಯ ಬಾಡಿಗೆಗೆ ಸೈಕಲ್ಲುಗಳನ್ನು ತಂದು ಹತ್ತಿರದ ಊರಿನ ಜಾತ್ರೆಗೆ ಹೊರಟಿದ್ದೆವು. ನಮ್ಮಲ್ಲಿ ಕಿರಿಯನಾದವನು ಹಿಂದೆ ಬಿದ್ದನು. ಕೂಗಿದ್ದು ಕೇಳಿಸಿತು. ತೇರು ಎಳೆಯುವ ಹೊತ್ತು ಮೀರೀತೆಂದು ನಾವು ನಿಲ್ಲಲಿಲ್ಲ. ಅವನ ಸೈಕಲ್ಲಿನ ಚೈನು ಕಡಿದಿತ್ತು. ಅದನ್ನು ತಳ್ಳಿಕೊಂಡು ಕತ್ತಲಲ್ಲಿ ಒಬ್ಬನೇ ಮಠಕ್ಕೆ ಮರಳಿದನು. ಗುರುಗಳಿಗೆ ದೂರು ಹೇಳಲಿಲ್ಲ. ಆದರೆ ಮತ್ತೆಂದೂ ನಮ್ಮೊಡನೆ ಹೊರಡಲಿಲ್ಲ. ಪಂಕ್ತಿಯ ಕೊನೆಯವನ ಎಲೆಗೆ ಬಡಿಸುವವರೆಗೆ ಮೊದಲಿನವನು ತುತ್ತೆತ್ತಬಾರದೆಂಬ ನಿಯಮವನ್ನು ನಾವು ದಿನವೂ ಎರಡು ಹೊತ್ತು ಪಾಲಿಸುತ್ತಿದ್ದವರು. ಊಟದ ಮನೆಯ ಆ ನಿಯಮವು ರಸ್ತೆಗೂ ಸಲ್ಲುತ್ತದೆಂಬುದು ಆಗ ಹೊಳೆಯಲಿಲ್ಲ.

ಸೈಕಲ್ ಸಂಘಗಳಿಗೆ ಈ ಕಾಳಜಿ ಹೊಸದಲ್ಲ. ಇಂಗ್ಲೆಂಡಿನಲ್ಲಿ 1878ರಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗರ ಸಂಘವು ಅಪಾಯದ ಇಳಿಜಾರುಗಳ ತಲೆಯಲ್ಲಿ ಎಚ್ಚರಿಕೆಯ ಹಲಗೆಗಳನ್ನು ನೆಡಿಸಿತು. ಫ್ರಾನ್ಸಿನಿಂದ ಬಂದ ‘ಬ್ರೆವೆ’ ಎಂಬ ದೂರಸವಾರಿಗಳು ಇಂದು ಬೆಂಗಳೂರು ಮೊದಲಾದೆಡೆ ನಡೆಯುತ್ತವೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳಲ್ಲಿ ಮುಗಿಸಿದವರೆಲ್ಲ ಅಲ್ಲಿ ಸಮಾನರು, ಪ್ರಥಮ, ದ್ವಿತೀಯವೆಂಬುದಿಲ್ಲ. ಬೆಂಗಳೂರಿನ ಉತ್ಸಾಹಿಗಳು 2008ರಲ್ಲಿ ಆರಂಭಿಸಿದ ನೀಲಗಿರಿ ಸೈಕಲ್ ಪ್ರವಾಸವೂ ಪ್ರಸಿದ್ಧವಾಗಿದೆ. ವಿಜಯಪುರ, ಬಾಗಲಕೋಟೆಗಳ ಸೀಮೆಯಂತೂ ಸ್ಪರ್ಧೆಯ ಸೈಕಲ್ ಪಟುಗಳ ತವರೇ ಸರಿ. ಸ್ಪರ್ಧೆಗೆ ಅದರ ಗೌರವ ಸಲ್ಲಲಿ. ಕೂಡಿ ಹೋಗುವ ಸವಾರಿಯ ಬೆಲೆ ಮಾತ್ರ ಬೇರೆ.

ಅಂದು ತಂಡವು ಬಜಗೋಳಿಯ ಮೇಲೆ ಕಾರ್ಕಳಕ್ಕೆ ಹೋಗಿ, 1432ರ ಗೊಮ್ಮಟನನ್ನು ಕಂಡು ಮೂಡುಬಿದಿರೆಗೆ ಮರಳುವುದೆಂದು ನಿಶ್ಚಯವಾಗಿತ್ತು. ನಾವು ನಾರಾವಿಯಲ್ಲೇ ನಿಲ್ಲುವೆವೆಂದು ತಿಳಿಸಿದೆವು. ಸೂರ್ಯನಾರಾಯಣನ ಸನ್ನಿಧಿಯಲ್ಲಿ ಕೆಲಹೊತ್ತು ಕುಳಿತು, ಸೈಕಲ್ಲನ್ನು ಸರಕಿನ ವಾಹನವೊಂದಕ್ಕೇರಿಸಿ ಹಿಂದಿರುಗಿದೆವು. ನಾವು ಮನೆ ಸೇರಿದ ಸುದ್ದಿ ತಿಳಿಯುವವರೆಗೂ ಆ ಸೋದರಿಯು ಎರಡು ಬಾರಿ ದೂರವಾಣಿಯಲ್ಲಿ ವಿಚಾರಿಸಿದ್ದಳು.

ನಮ್ಮ ಮನೆಗಳ ಮಕ್ಕಳು ರಜೆಯಲ್ಲಿ ಇಂತಹ ಸವಾರಿಗೆ ಹೊರಡುವೆವೆಂದರೆ ಹಿರಿಯರು ತಡೆಯಬಾರದು. ಈ ಸೀಮೆಗೆ ಮಳೆಗಾಲ ಕಳೆದ ಮೇಲೆ, ನಸುಕಿನಲ್ಲಿ ಹೊರಡುವುದು ಲೇಸು. ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ, ಸಾಕಷ್ಟು ನೀರು, ಸರಿಯಾದ ಬ್ರೇಕು ಇರಲೇಬೇಕು. ಇವೆಲ್ಲವನ್ನೂ ನೋಡಿದ ಬಳಿಕ, ಕೊನೆಯಲ್ಲಿ ಯಾರು ಬರುತ್ತಾರೆಂದು ಕೇಳಿರಿ. ಆ ಹೊಣೆಯನ್ನು ಯಾರಿಗೂ ವಹಿಸದ ತಂಡದೊಡನೆ ಮಕ್ಕಳನ್ನು ಕಳುಹಿಸಬೇಡಿರಿ.

ಊರಿಗೆ ಮರಳಿದ ವಾರದಲ್ಲೇ ಆ ಹಳೆಯ ಸಹಪಾಠಿಯ ವಿಳಾಸವನ್ನು ಹುಡುಕಿ ಕಾಗದ ಬರೆದೆವು. ಉತ್ತರ ಬಂದಿತು. ಅಂದಿನ ಕತ್ತಲು ತಮಗೆ ಚೆನ್ನಾಗಿ ನೆನಪಿದೆಯೆಂದೂ, ಮೊಣಕಾಲು ನೋವಿರುವುದರಿಂದ ಈಗ ಸೈಕಲ್ ತುಳಿಯಲಾರೆನೆಂದೂ, ನಾವೇ ಅವರ ಊರಿಗೆ ಬರುವುದಾದರೆ ಊಟಕ್ಕೆ ಕಾದಿರುವೆನೆಂದೂ ಬರೆದಿದ್ದಾರೆ. ಬರುವ ತಿಂಗಳು ಹೋಗುತ್ತಿದ್ದೇವೆ.