ಎಲೆಗೆ ದುಡ್ಡು ಕೊಡುವುದುಂಟಾ?

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದಳು. ಪುತ್ತೂರಿನ ಆಚೆಗಿನ ನಮ್ಮ ಹಳ್ಳಿಯಲ್ಲಿ ಆಗ ಬೀಡಿ ಕಟ್ಟದ ಮನೆಗಳೇ ಕಡಿಮೆ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಜಗಲಿಯ ಕಂಬಕ್ಕೆ ಒರಗಿ ಕಾಲು ಚಾಚಿ, ತೊಡೆಯ ಮೇಲೆ ತಡ್ಪೆ (ಮೊರ) ಇಟ್ಟುಕೊಂಡಳೆಂದರೆ ಹಟ್ಟಿಯಲ್ಲಿ ದನ ಕೂಗುವವರೆಗೆ ಅವಳ ಬೆರಳು ನಿಲ್ಲುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ತಗಡಿನ ಅಳತೆ, ಕತ್ತರಿ, ನೂಲು, ಹೊಗೆಸೊಪ್ಪಿನ ಪುಡಿ. ಕತ್ತರಿಸಿದ ಎಲೆಗೆ ಪುಡಿ ಉದುರಿಸಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಿದರೆ ಒಂದು ಬೀಡಿ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಶಾಲೆಯಿಂದ ಬಂದವಳು ಪಕ್ಕದಲ್ಲಿ ಕುಳಿತು ಕಟ್ಟು ಎಣಿಸುತ್ತಿದ್ದೆ. ಏಳರ ಮಗ್ಗಿಗಿಂತ ಮೊದಲು ನನಗೆ ಇಪ್ಪತ್ತೈದರ ಮಗ್ಗಿ ಬಾಯಿಗೆ ಬಂದಿತ್ತು.

ಬೀಡಿ ಬ್ರಾಂಚಿಗೆ ಹೋಗುವಾಗ ಅಮ್ಮನ ಕೈಯಲ್ಲಿ ಒಂದು ಪುಸ್ತಕ ಇರುತ್ತಿತ್ತು. ಎಷ್ಟು ಎಲೆ ಕೊಟ್ಟರು, ಎಷ್ಟು ಹೊಗೆಸೊಪ್ಪು ತೂಗಿದರು, ಎಷ್ಟು ಬೀಡಿ ತಿರುಗಿ ಬಂತು, ಎಲ್ಲವೂ ಅದರಲ್ಲಿ. ಸಾವಿರ ಬೀಡಿಗೆ ಎಷ್ಟು ಮಜೂರಿ ಎಂಬುದು ಊರಿಗೆಲ್ಲ ಗೊತ್ತಿದ್ದ ಲೆಕ್ಕ. ಆ ಕೆಲಸ ಸುಖದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಹೊಗೆಸೊಪ್ಪಿನ ಘಾಟಿಗೆ ಅವಳು ರಾತ್ರಿಯಿಡೀ ಕೆಮ್ಮುತ್ತಿದ್ದಳು, ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಎಲೆಯಲ್ಲಿ ತೂತು ಹೆಚ್ಚಿದ್ದರೆ ಲೆಕ್ಕಕ್ಕೆ ಬೀಡಿ ಕಡಿಮೆ ಬೀಳುತ್ತಿತ್ತು, ಆ ನಷ್ಟ ಅವಳ ತಲೆಗೇ. ಆದರೂ ಕೆಲಸ ಯಾರದು, ಎಷ್ಟು ಕಟ್ಟಿದರೆ ಎಷ್ಟು, ದುಡ್ಡು ಯಾವ ದಿನ ಎಂಬ ಮೂರು ಪ್ರಶ್ನೆಗೆ ಅವಳ ಬಳಿ ಉತ್ತರ ಇತ್ತು.

ಬಿ.ಕಾಂ. ಓದಿ, ಪೇಟೆಯ ಒಂದು ಲೆಕ್ಕಪತ್ರ ಕಚೇರಿಯಲ್ಲಿ ಆರು ವರ್ಷ ದುಡಿದು, ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟ ನನ್ನ ಬಳಿ ಈ ಮೂರಕ್ಕೂ ಉತ್ತರ ಇರಲಿಲ್ಲ. ಮಗಳು ಎಲ್‌ಕೆಜಿಗೆ ಸೇರಿದ ವರ್ಷ ಅದು. ಅವಳನ್ನು ಒಂಬತ್ತೂವರೆಗೆ ಬಿಟ್ಟು ಬಂದರೆ ಹನ್ನೆರಡೂವರೆಗೆ ಮತ್ತೆ ಗೇಟಿನ ಮುಂದೆ ನಿಲ್ಲಬೇಕು. ನಡುವೆ ಅಡುಗೆ, ಬಟ್ಟೆ ಕಳೆದರೆ ಉಳಿಯುವುದು ಎರಡು ಗಂಟೆ. ರಾತ್ರಿ ಅವಳು ಮಲಗಿದ ಮೇಲೆ ಇನ್ನೊಂದು. ಒಟ್ಟು ಮೂರು. ಆ ಮೂರು ಗಂಟೆಗೆ ಸಿಗುವ ಕೆಲಸವನ್ನು ಫೋನಿನಲ್ಲಿ ಹುಡುಕತೊಡಗಿದೆ.

ಹುಡುಕತೊಡಗಿದ ಮರುದಿನದಿಂದ ಕೆಲಸಗಳೇ ನನ್ನನ್ನು ಹುಡುಕಿಕೊಂಡು ಬಂದವು. ‘ಗೃಹಿಣಿಯರಿಗೆ ಸುವರ್ಣಾವಕಾಶ’, ‘ದಿನಕ್ಕೆ ಎರಡೇ ಗಂಟೆ’, ‘ಅನುಭವ ಬೇಕಿಲ್ಲ’. ನನಗೆ ಏನು ಬೇಕೋ ಅದನ್ನೇ ಯಾರೋ ನನ್ನ ಮನಸ್ಸು ಓದಿ ಬರೆದಂತಿತ್ತು. ಅದರಲ್ಲಿ ಒಂದನ್ನು ಆರಿಸಿಕೊಂಡೆ: ಸ್ಕ್ಯಾನ್ ಮಾಡಿದ ಫಾರಂ ನೋಡಿ ಕಂಪ್ಯೂಟರಿನಲ್ಲಿ ತುಂಬುವುದು, ಐದು ದಿನದಲ್ಲಿ 400 ಫಾರಂ, ಫಾರಂಗೆ 30 ರೂಪಾಯಿ. ಮೊದಲು ನೋಂದಣಿಗೆಂದು 2,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 360, ಒಟ್ಟು 2,360. ರಸೀದಿಯೂ ಬಂತು. ಲೆಕ್ಕ ಬರೆದು ಅಭ್ಯಾಸವಾದ ನನ್ನ ಕಣ್ಣಿಗೆ ಆ 360 ಸರಿಯಾಗಿ ಕಂಡಿತು. ತೆರಿಗೆ ಕಟ್ಟುವವರು ಮೋಸ ಮಾಡಲಾರರು ಎಂದುಕೊಂಡೆ.

ಐದು ದಿನ ಮಗಳನ್ನು ಟಿವಿ ಮುಂದೆ ಕೂರಿಸಿ ಫಾರಂ ತುಂಬಿದೆ. ಬರಹ ಮಸುಕಾಗಿತ್ತು. ಸೊನ್ನೆಯೋ ‘ಓ’ ಅಕ್ಷರವೋ ತಿಳಿಯುತ್ತಿರಲಿಲ್ಲ. ಆರನೆಯ ದಿನ ವರದಿ ಬಂತು: ಶೇ. 95 ನಿಖರತೆ ಬೇಕಿತ್ತು, ನಿಮ್ಮದು 71, ಕೂಲಿ ಇಲ್ಲ. ಅದರ ಹಿಂದೆಯೇ ವಾಟ್ಸ್‌ಆಪ್‌ನಲ್ಲಿ ವಕೀಲರ ಮೊಹರಿರುವ ನೋಟಿಸ್. ಒಪ್ಪಂದ ಮುರಿದಿದ್ದೀರಿ, ಸಂಜೆಯೊಳಗೆ 6,500 ರೂಪಾಯಿ ಕಟ್ಟಿ, ಇಲ್ಲವಾದರೆ ಪೊಲೀಸರು ಮನೆಗೆ ಬರುತ್ತಾರೆ. ಆ ಸಂಜೆ ಬಾಗಿಲು ಯಾರು ತಟ್ಟಿದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಗಂಡನಿಗೆ ಹೇಳಲಿಲ್ಲ. ಮನೆಯ ದುಡ್ಡಿನಲ್ಲಿ 2,360 ಕಳೆದವಳು ಎಂಬ ಸಂಕಟ ಬಾಯಿ ಕಟ್ಟಿಹಾಕಿತ್ತು.

ವಾರ ಕಳೆದ ಮೇಲೆ ತವರಿಗೆ ಹೋದಾಗ ಅಮ್ಮನ ಮುಂದೆ ಅತ್ತುಬಿಟ್ಟೆ. ಅವಳಿಗೆ ಫಾರಂ, ಲಾಗಿನ್, ನಿಖರತೆ ಯಾವುದೂ ಅರ್ಥವಾಗಲಿಲ್ಲ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: “ನಾನು ಮೂವತ್ತು ವರ್ಷ ಕಟ್ಟಿದ್ದೇನೆ. ಕೆಲಸ ಶುರು ಮಾಡುವುದಕ್ಕೆ ಎಲೆಗೆ ದುಡ್ಡು ಕೊಡುವುದುಂಟಾ? ಎಲೆ ಅವರದ್ದು, ಕೈ ನಮ್ಮದು.”

ಎಷ್ಟೋ ಜನ ಎಷ್ಟೋ ಎಚ್ಚರಿಕೆ ಹೇಳಿದ್ದಾರೆ, ನಾನೂ ಓದಿದ್ದೇನೆ. ಅಮ್ಮನ ಈ ಮಾತಿನಷ್ಟು ನೇರವಾದದ್ದು ಇನ್ನೊಂದಿಲ್ಲ. ಕೂಲಿಯ ದಾರಿ ಒಂದೇ, ಕೆಲಸ ಕೊಡುವವರಿಂದ ಮಾಡುವವರ ಕಡೆಗೆ. ಅದು ತಿರುಗಿ ಹರಿದರೆ ಅಲ್ಲಿ ಕೆಲಸ ಇಲ್ಲ. ನೋಂದಣಿ, ತರಬೇತಿ, ಠೇವಣಿ, ಕಿಟ್, ಐಡಿ ಎಂದು ಹೆಸರು ಯಾವುದೇ ಇರಲಿ, ಅದು ಎಲೆಗೆ ಕೇಳುವ ದುಡ್ಡು.

ಪುತ್ತೂರಿನಲ್ಲಿ ಪರಿಚಯದ ವಕೀಲರೊಬ್ಬರು ಆ ನೋಟಿಸನ್ನು ಓದಿ ಮೇಜಿನ ಮೇಲಿಟ್ಟು ಹೇಳಿದರು: ವಕೀಲರ ನೋಟಿಸ್ ಕೋರ್ಟಿನ ಆದೇಶವಲ್ಲ. ಒಪ್ಪಂದ ಮುರಿದರೆ ಅದು ಸಿವಿಲ್ ವಿಷಯ, ಫಾರಂ ತಪ್ಪಾಗಿ ತುಂಬಿದ್ದಕ್ಕೆ ಯಾರನ್ನೂ ಬಂಧಿಸುವುದಿಲ್ಲ. ದಂಡ ಇಷ್ಟು ಎಂದು ಬರೆದುಕೊಂಡ ಮಾತ್ರಕ್ಕೆ ಅಷ್ಟೂ ಸಿಗುವುದಿಲ್ಲ, 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ನ್ಯಾಯಾಲಯ ನ್ಯಾಯವೆನಿಸಿದಷ್ಟು ಪರಿಹಾರ ಮಾತ್ರ ಕೊಡಿಸುತ್ತದೆ. ಹೀಗೆ ಹೆದರಿಸಿ ಎರಡನೆಯ ಸಲ ವಸೂಲು ಮಾಡುವುದೇ ಅವರ ವ್ಯಾಪಾರ ಎಂದರು. ಅವರ ಎದುರಿಗೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆ. ಹಣ ಕೈಬಿಟ್ಟು ಆಗ ಹದಿನೈದು ದಿನವಾಗಿತ್ತು. ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲು ತಿಳಿಸಿದರೆ ಬ್ಯಾಂಕು ಅದನ್ನು ತಡೆಹಿಡಿಯಬಹುದು, ನಾನು ತಡ ಮಾಡಿದ್ದೆ. ನನ್ನ 2,360 ಮರಳಿ ಬರಲಿಲ್ಲ.

ಮನೆಗೆ ಬಂದು ಆ ರಸೀದಿಯನ್ನು ಮತ್ತೆ ನೋಡಿದೆ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ ಇರುತ್ತವೆ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ವ್ಯಾಪಾರಿಯ ಹೆಸರು ಯಾರಿಗೆ ಬೇಕಾದರೂ ಕಾಣುತ್ತದೆ. ನನ್ನ ರಸೀದಿಯಲ್ಲಿದ್ದ ಸಂಖ್ಯೆಯನ್ನು ಬೆರಳಿಟ್ಟು ಎಣಿಸಿದೆ. ಹದಿನಾಲ್ಕೇ ಇತ್ತು. ಕಟ್ಟು ಎಣಿಸಿ ಬೆಳೆದ ನಾನು ಎಣಿಸಬೇಕಾದ ದಿನ ಎಣಿಸಿರಲಿಲ್ಲ.

ಆಮೇಲೆ ನೆರೆಕರೆಯಲ್ಲಿ ಮಾತನಾಡಿದಾಗ ಒಬ್ಬೊಬ್ಬರೂ ಒಂದೊಂದು ಕತೆ ಬಿಚ್ಚಿದರು. ಒಬ್ಬಳಿಗೆ ವಿಡಿಯೊಗೆ ಲೈಕ್ ಒತ್ತುವ ಕೆಲಸ. ಮೊದಲ ದಿನ 150 ರೂಪಾಯಿ ನಿಜವಾಗಿಯೂ ಖಾತೆಗೆ ಬಂತು. ಆ ನೂರೈವತ್ತೇ ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಆಮೇಲೆ ಟೆಲಿಗ್ರಾಂ ಗುಂಪು, 1,000 ಹಾಕಿದರೆ 1,300 ಎಂಬ ಆಸೆ, ಐದು ಸಾವಿರ, ಇಪ್ಪತ್ತು ಸಾವಿರ. ತೆಗೆಯಲು ಹೋದಾಗ ‘ಮೊದಲು ತೆರಿಗೆ ಕಟ್ಟಿ’. ಇನ್ನೊಬ್ಬಳಿಗೆ ಪೆನ್ಸಿಲ್ ಪ್ಯಾಕಿಂಗ್. ದುಡ್ಡು ಕಟ್ಟಿದಳು, ಪೆನ್ಸಿಲ್ ಬರಲೇ ಇಲ್ಲ. ಎಲ್ಲಕ್ಕಿಂತ ಅಪಾಯದ್ದು ಮೂರನೆಯದು: ‘ನಿಮ್ಮ ಖಾತೆಗೆ ಹಣ ಬರುತ್ತದೆ, ನಿಮ್ಮ ಪಾಲು ಇಟ್ಟುಕೊಂಡು ಉಳಿದದ್ದು ಕಳಿಸಿ.’ ಅದು ಬೇರೆ ಯಾರಿಂದಲೋ ದೋಚಿದ ಹಣ. ಖಾತೆ ಕೊಟ್ಟವಳ ಮನೆಗೇ ಪೊಲೀಸರು ಬರುತ್ತಾರೆ, ಮತ್ತು ಆ ಪೊಲೀಸರು ನಿಜವಾದವರು.

ಇಂಥ ಮೋಸ ತಾಯಂದಿರನ್ನೇ ಹುಡುಕಿಕೊಂಡು ಬರುವುದೇಕೆ? ನಮ್ಮ ಹೊತ್ತು ಚೂರುಚೂರಾಗಿರುವುದರಿಂದ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ತೊಡಗಿದ ಗಂಡಸರು 88 ನಿಮಿಷ. ಮಕ್ಕಳ, ಹಿರಿಯರ ಆರೈಕೆಯ ಲೆಕ್ಕ ಇದರ ಮೇಲೆ. ಇಷ್ಟು ಕಳೆದು ಉಳಿದ ಮೂರು ಗಂಟೆಯನ್ನು ಯಾವ ಕಚೇರಿಯೂ ಕೇಳುವುದಿಲ್ಲ, ಕೇಳುವವನು ಮೋಸಗಾರ ಒಬ್ಬನೇ. ನಮ್ಮ ಬಳಿ ಸಮಯ ಕಡಿಮೆ ಎಂದು ನಾವೇ ತಲೆ ತಗ್ಗಿಸಿದಾಗ, ‘ಪರವಾಗಿಲ್ಲ, ಅಷ್ಟೇ ಸಾಕು’ ಎನ್ನುವ ದನಿ ಯಾರದ್ದೆಂದು ನೋಡುವ ಎಚ್ಚರ ತಪ್ಪುತ್ತದೆ.

ನನಗೆ ನಿಜವಾದ ಕೆಲಸ ಸಿಕ್ಕಿದ್ದು ಗುರುತಿನ ಮುಖಗಳಲ್ಲಿ. ಹಳೆಯ ಕಚೇರಿಗೆ ಹೋಗಿ, ‘ದಿನಕ್ಕೆ ಮೂರು ಗಂಟೆ ಇದೆ, ಬೆಳಿಗ್ಗೆ ಎರಡು, ರಾತ್ರಿ ಒಂದು. ಮಗಳಿಗೆ ಜ್ವರ ಬಂದ ದಿನ ಅದೂ ಇಲ್ಲ. ಬಿಲ್ಲಿಗೆ ಇಷ್ಟು ಎಂದು ಮಾತಾಡೋಣ’ ಎಂದೆ. ಹೇಳುವ ಮೊದಲು ಕೈ ನಡುಗುತ್ತಿತ್ತು. ಅವರು ಎರಡು ಅಂಗಡಿಗಳ ಲೆಕ್ಕ ಕೊಟ್ಟರು, ಒಂದು ಹಾರ್ಡ್‌ವೇರ್, ಒಂದು ಬಟ್ಟೆ. ಈಗ ಅವು ನಾಲ್ಕಾಗಿವೆ. ಅಂಗಡಿಯವರು ಬಿಲ್ಲಿನ ಫೋಟೊ ಕಳಿಸುತ್ತಾರೆ, ನಾನು ಟ್ಯಾಲಿಯಲ್ಲಿ ಏರಿಸುತ್ತೇನೆ. 11ನೇ ತಾರೀಖಿನೊಳಗೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಹೋಗಬೇಕು. 14ಕ್ಕೆ ಬರುವ ಖರೀದಿಯ ಪಟ್ಟಿ 2ಬಿ ಜೊತೆ ನಮ್ಮ ಖರೀದಿಯನ್ನು ತಾಳೆ ನೋಡಬೇಕು. 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ. ತಿಂಗಳ ಕೊನೆಯ ಹತ್ತು ದಿನ ಹಗುರ. ಕೆಲಸಕ್ಕೆ ಗಡುವು ಇದೆ, ಆದರೆ ಗಡಿಯಾರ ಇಲ್ಲ. ಕಡಿಮೆ ಹೊತ್ತಿನ ತಾಯಿಗೆ ಒಗ್ಗುವುದು ಇಂಥದ್ದೇ. ಕರಡು ತಿದ್ದುವುದು, ಅನುವಾದ, ಸಂಜೆಯ ಪಾಠ, ಹೊಲಿಗೆ, ಹಪ್ಪಳ ಇವೂ ಅದೇ ಜಾತಿಯವು. ಲಿಜ್ಜತ್ ಹಪ್ಪಳವನ್ನು 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಲ್ಲಿ ಶುರುಮಾಡಿದರು. ಅವರು ಮನೆಯನ್ನು ಬಿಟ್ಟು ಬಂದವರಲ್ಲ, ಮನೆಯ ನಡುವೆ ಹೊತ್ತು ಮಾಡಿಕೊಂಡವರು.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಲೆಕ್ಕಕ್ಕೆ ಹಿಡಿಯುವ ಕಾಯ್ದೆ 1966ರಲ್ಲೇ ಬಂತು. ಅಮ್ಮನಿಗೆ ಗುರುತಿನ ಚೀಟಿ ಇತ್ತು, ಭವಿಷ್ಯನಿಧಿ ಇತ್ತು. ನನ್ನ ಮದುವೆಯ ಬಳೆ ಆ ದುಡ್ಡಿನದ್ದು. ಈ ಹಕ್ಕು ಪುಕ್ಕಟೆ ಬಂದದ್ದಲ್ಲ, ಊರೂರ ಬೀಡಿ ಕೆಲಸಗಾರರು ಸಂಘ ಕಟ್ಟಿ ಪಡೆದದ್ದು. ಮನೆಯಲ್ಲಿ ಕುಳಿತು ಕೂಲಿಗೆ ಮಾಡುವ ದುಡಿಮೆಗೂ ಸಮಾನ ನ್ಯಾಯ ಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ 177ನೇ ಒಡಂಬಡಿಕೆ ಮಾಡಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 26 ವಾರ ರಜೆ ಕೊಟ್ಟಿತು, ಆಮೇಲೆ ಮನೆಯಿಂದ ಕೆಲಸಕ್ಕೂ ದಾರಿ ತೋರಿಸಿತು. ಆದರೆ ಅದು ಮಾಲೀಕರು ಒಪ್ಪಿದರೆ ಮಾತ್ರ, ಅದೂ ನೌಕರಿಯಲ್ಲಿ ಇರುವವಳಿಗೆ. ನೌಕರಿ ಬಿಟ್ಟು ಮನೆಯಲ್ಲಿ ಬಿಲ್ಲಿನ ಲೆಕ್ಕದಲ್ಲಿ ದುಡಿಯುವ ನನ್ನಂಥವಳಿಗೆ ಅಮ್ಮನಿಗಿದ್ದ ಪುಸ್ತಕವೂ ಇಲ್ಲ.

ಆದ್ದರಿಂದ ನನ್ನದೇ ಒಂದು ಪುಸ್ತಕ ಇಟ್ಟಿದ್ದೇನೆ. ನೀಲಿ ರಟ್ಟಿನದು, 200 ಪುಟದ್ದು. ಯಾರ ಕೆಲಸ, ಎಷ್ಟು ಬಿಲ್ಲು, ಯಾವ ದಿನ ಕೊಟ್ಟೆ, ಯಾವ ದಿನ ದುಡ್ಡು ಬಂತು ಎಂದು ಬರೆಯುತ್ತೇನೆ. ಹೊಸಬರಾದರೆ ಮೊದಲು ಸ್ವಲ್ಪ ಕೆಲಸ, ಅದರ ಕೂಲಿ ಕೈಗೆ ಬಂದ ಮೇಲೆ ಮುಂದಿನದು. ಮೊನ್ನೆ ಮಗಳು ಪಕ್ಕದಲ್ಲಿ ಕುಳಿತು ಬಿಲ್ಲು ಎಣಿಸಿಕೊಟ್ಟಳು.

ಮಗುವನ್ನು ಮಲಗಿಸಿ ಈ ಹೊತ್ತಿನಲ್ಲಿ ಫೋನಿನಲ್ಲಿ ಕೆಲಸ ಹುಡುಕುತ್ತಿರುವ ಅಕ್ಕತಂಗಿಯರಿಗೆ, ಮತ್ತು ಹಾಗೆ ಹುಡುಕುವ ಅಪ್ಪಂದಿರಿಗೂ, ಇಷ್ಟು ಹೇಳಬೇಕಿತ್ತು. ನಿಮ್ಮ ಮೂರು ಗಂಟೆಗೆ ಬೆಲೆ ಇದೆ, ಅದನ್ನು ಬಾಯಿಬಿಟ್ಟು ಹೇಳಿ. ಕೆಲಸ ಕೊಡುವವರು ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಈಗಾಗಲೇ ಕೊಟ್ಟಿದ್ದರೆ ನಾಚಿಕೆಪಟ್ಟು ದಿನ ಕಳೆಯಬೇಡಿ. ಇವತ್ತೇ 1930ಕ್ಕೆ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಎಲೆ ಅವರದ್ದು, ಕೈ ನಮ್ಮದು.