ನೀರು ಹೋಗ್ತಿದೆ ನೋಡು

ನಮ್ಮ ಮನೆಗೆಲಸಕ್ಕೆ ಬರುವವಳು ಹೆರಿಗೆಯಾಗಿ ಎರಡೇ ತಿಂಗಳಿಗೆ ವಾಪಸ್ ಬಂದಾಗ ಮೊದಲು ಆದದ್ದು ಸಮಾಧಾನ. ಮಗು ಗಂಡೋ ಹೆಣ್ಣೋ ಕೇಳಿದೆ, ಹಳೇ ಬಟ್ಟೆ ತೆಗೆದುಕೊಟ್ಟೆ. ನೀನು ಹೇಗಿದ್ದೀಯ ಅಂತಲೂ ಕೇಳಿರಬೇಕು, ಆದರೆ ಉತ್ತರಕ್ಕೆ ಕಾಯಲಿಲ್ಲ.

ಯಾದಗಿರಿ ಕಡೆಯವಳು. ಗಂಡನಿಗೆ ಗಾರೆ ಕೆಲಸ, ಇಲ್ಲಿ ಬೆಂಗಳೂರಿನ ಹೂಡಿಯ ಹಿಂದೆ ಒಂದು ತಗಡಿನ ಶೆಡ್ಡು, ಕೂಸು ಎಂಟು ವರ್ಷದ ಮಗಳ ಕೈಯಲ್ಲಿ. ಪಾತ್ರೆ ತಿಕ್ಕುವಾಗ ರವಿಕೆಯ ಎದೆಭಾಗ ಹಾಲಿಗೆ ಒದ್ದೆಯಾಗುತ್ತಿತ್ತು. ಸೋಪಿನ ಕೈಯಲ್ಲೇ ಸೆರಗು ಎಳೆದುಕೊಳ್ಳುತ್ತಿದ್ದಳು. ಒಮ್ಮೊಮ್ಮೆ ನಲ್ಲಿ ಬಿಟ್ಟು ಹಾಗೇ ನಿಂತುಬಿಡುತ್ತಿದ್ದಳು. ಕುಕ್ಕರ್ ತುಂಬಿ ಚೆಲ್ಲಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮಹದೇವಪುರದಲ್ಲಿ ನಮ್ಮಂಥ ಅಪಾರ್ಟ್‌ಮೆಂಟುಗಳು ಟ್ಯಾಂಕರ್ ನಂಬಿಕೊಂಡಿರುವಂಥವು, ನೀರಿಗೆ ಪರದಾಡಿದ 2024ರ ಬೇಸಿಗೆಯನ್ನು ಇಲ್ಲಿ ಯಾರೂ ಮರೆತಿಲ್ಲ. "ನೀರು ಹೋಗ್ತಿದೆ ನೋಡು" ಅಂದೆ. ಒಂದು ಸಲವಲ್ಲ.

ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಹಾಗೆ ನಿಂತುಬಿಡುವುದು ನನಗೂ ಆಗಿತ್ತು. ನನ್ನ ಬಾಣಂತನಕ್ಕೆ ಅಮ್ಮ ಊರು ಬಿಟ್ಟು ಬಂದಿದ್ದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸುಡುಸುಡು ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಯಾವುದಕ್ಕೂ ಕಡಿಮೆ ಇರಲಿಲ್ಲ. ಅದಕ್ಕೇ ಹೇಳಲಾಗಲಿಲ್ಲ. ಇಷ್ಟೆಲ್ಲ ಮಾಡಿಸಿಕೊಂಡು ಅಳು ಬರುತ್ತೆ ಅಂದರೆ ಅಮ್ಮ ಮಾಡಿದ್ದರಲ್ಲೇ ಕೊರತೆ ಹುಡುಕಿದ ಹಾಗೆ. ಚೆಕಪ್‌ಗೆ ಹೋದಾಗ ಎಡಿನ್‌ಬರೊ ಪ್ರಶ್ನಾವಳಿ ಕೊಟ್ಟರು. 1987ರಿಂದ ಇರುವ ಹತ್ತು ಪ್ರಶ್ನೆಗಳು, ಕಳೆದ ಏಳು ದಿನ ಮನಸ್ಸು ಹೇಗಿತ್ತು ಅಂತ. ಕೊನೆಯದು, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅಂತ. ಅಮ್ಮ ಪಕ್ಕದಲ್ಲೇ ಕೂತಿದ್ದಳು. ಎಲ್ಲಕ್ಕೂ ಚೆನ್ನಾಗಿದ್ದೇನೆ ಅನ್ನುವ ಉತ್ತರಕ್ಕೇ ಗುರುತು ಹಾಕಿದೆ. ಡಾಕ್ಟರ ಹತ್ತಿರ ಹೋದದ್ದು, ಮಾತ್ರೆ ತಗೊಂಡು ಸುಧಾರಿಸಿದ್ದು ಎಷ್ಟೋ ತಿಂಗಳಾದ ಮೇಲೆ, ಗಂಡನ ಒತ್ತಾಯಕ್ಕೆ.

ಆಮೇಲೆ ಓದಿಕೊಂಡೆ. ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ಲೇಖನದ ಪ್ರಕಾರ ಹೆತ್ತ ತಾಯಂದಿರಲ್ಲಿ ಶೇ. 22ರಷ್ಟು ಮಂದಿಗೆ ಹೆರಿಗೆಯ ನಂತರದ ಖಿನ್ನತೆ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ಘಟಕವಿದೆ. ಊರಲ್ಲಿ ಬಾಣಂತಿ ಸನ್ನಿ ಅನ್ನುವುದಕ್ಕೂ ಅಲ್ಲಿ ಚಿಕಿತ್ಸೆ ಸಿಗುತ್ತೆ. ಇದನ್ನೆಲ್ಲ ಆಫೀಸಿನಲ್ಲಿ ಹೆರಿಗೆ ರಜೆ ಮುಗಿಸಿ ಬಂದ ಹುಡುಗಿಯರಿಗೆ ಕೂರಿಸಿಕೊಂಡು ಹೇಳಿದ್ದೇನೆ. ಕಾಳಜಿಯಿಂದಲೇ ಹೇಳಿದ್ದು. ಹೇಳುವಾಗ ಅವರ ಕಣ್ಣಲ್ಲಿ ಕಾಣುತ್ತಿದ್ದ ಗೌರವವೂ ನನಗೆ ಬೇಕಾಗಿತ್ತು.

ಅಡುಗೆಮನೆಯಲ್ಲಿ ಮಾತ್ರ ಬಾಯಿ ಬರಲಿಲ್ಲ. ಅವಳ ಸ್ವಂತ ವಿಷಯ, ಕೆದಕಬಾರದು ಅಂದುಕೊಂಡೆ. ಸಂಕೋಚ ಇದ್ದದ್ದು ನಿಜ. ಆದರೆ ಅವಳ ಗಂಡ ಎಷ್ಟು ಕುಡಿಯುತ್ತಾನೆ ಅಂತ ಕೇಳುವಾಗ ಆ ಸಂಕೋಚ ಇರಲಿಲ್ಲವಲ್ಲ. ಕೇಳಿದರೆ ಅವಳು ಅತ್ತುಬಿಡಬಹುದು, ಅತ್ತರೆ ರಜೆ ಕೊಡಬೇಕು, ರಜೆ ಕೊಟ್ಟರೆ ಒಂಬತ್ತು ಗಂಟೆಯ ಕಾಲ್ ಹೊತ್ತಿಗೆ ಮಗನ ಡಬ್ಬಿ ಯಾರು ಕಟ್ಟುತ್ತಾರೆ? ಇಷ್ಟು ಬಿಡಿಸಿ ಯೋಚಿಸಿದ್ದೆನೋ ಇಲ್ಲವೋ. ಯೋಚಿಸದೆಯೇ ಹಾಗೆ ನಡೆದುಕೊಂಡಿದ್ದರೆ ಅದು ಇನ್ನೂ ಕೆಟ್ಟದ್ದು ಅನಿಸುತ್ತೆ.

ಕೊನೆಗೆ ಕೇಳಿದೆ. "ಏನಿಲ್ರೀ ಅಕ್ಕಾ, ನಿದ್ದಿ ಆಗಂಗಿಲ್ಲ, ಅಷ್ಟ" ಅಂದಳು. ನಾನು ಅಮ್ಮನಿಗೆ ಹೇಳುತ್ತಿದ್ದದ್ದೂ ಅಷ್ಟೇ. ಟೆಲಿ ಮಾನಸ್ ಅಂತ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ ಅಂದೆ. ಫೋನು ಗಂಡನ ಹತ್ತಿರ ಇರುತ್ತದಂತೆ. ನನ್ನ ಫೋನಿಂದಲೇ ಮಾಡು ಅಂದೆ. ತಲೆಯಾಡಿಸಿದಳು, ಹೂಂ ಅಂತಲೋ ಬೇಡ ಅಂತಲೋ ತಿಳಿಯಲಿಲ್ಲ. ಸ್ವಲ್ಪ ದಿನ ಮನೆಯಲ್ಲಿರು, ಸಂಬಳ ಕೊಡ್ತೀನಿ ಅಂದಾಗ ಮಾತ್ರ ನೇರ ನನ್ನ ಮುಖ ನೋಡಿದಳು.

"ಎಷ್ಟ್ ದಿನ ಅಕ್ಕಾ?"

ಹೆರಿಗೆ ರಜೆಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದಾಗಿ ನನಗೆ 26 ವಾರ ಪೂರ್ತಿ ಸಂಬಳದ ರಜೆ ಸಿಕ್ಕಿತ್ತು. ಮನೆಗೆಲಸದವರು ಆ ಕಾಯ್ದೆಯೊಳಗೆ ಬರುತ್ತಿರಲಿಲ್ಲ. ಲೆಕ್ಕ ಹಾಕುತ್ತಾ ನಿಂತೆ. ಒಂದು ತಿಂಗಳು ಅಂದೆ. ಅಲ್ಲಿಯವರೆಗೆ ನಿಮ್ಮ ಕಡೆಯ ಇನ್ಯಾರನ್ನಾದರೂ ನೀನೇ ಕಳಿಸು ಅಂತಲೂ ಸೇರಿಸಿದೆ.