ಹಿಂದಿನವರ ಖಾತೆ ಉಳಿದ ಕಂಪ್ಯೂಟರ್

ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ ಹಿಂದಿನವರ ಖಾತೆ ಹಾಗೆಯೇ ಉಳಿದಿರುವುದು ಅಪರೂಪವೇನಲ್ಲ. ಸ್ವಿಚ್ ಹಾಕಿದ ಕೂಡಲೇ ಪರದೆಯ ಮೇಲೆ ಯಾರದೋ ಹೆಸರು, ಯಾರದೋ ಮಗುವಿನ ಫೋಟೊ, ಕೆಳಗೆ ಪಾಸ್‌ವರ್ಡ್ ಕೇಳುವ ಜಾಗ. ದುಡ್ಡು ಕೊಟ್ಟಾಗಿದೆ, ಯಂತ್ರ ಮನೆಗೆ ಬಂದಾಗಿದೆ; ಒಳಗಿನ ಯಜಮಾನಿಕೆ ಮಾತ್ರ ಇನ್ನೂ ಮೊದಲಿನವರದೇ. ಸೈಟು ಕೊಂಡವರು ನೋಂದಣಿ ಮುಗಿದ ಮೇಲೂ ಖಾತೆ ತಮ್ಮ ಹೆಸರಿಗೆ ಬದಲಾಗುವ ತನಕ ನೆಮ್ಮದಿಯಿಂದ ಕೂರುವುದಿಲ್ಲ. ಕಂಪ್ಯೂಟರ್ ಕೊಂಡವರಿಗೂ ಅಷ್ಟೇ ಎಚ್ಚರ ಬೇಕು.

ಮಂಗಳೂರಿನ ಶಕ್ತಿನಗರದಂಥ ಬಡಾವಣೆಗೆ ಹಳೆಯ ಲ್ಯಾಪ್‌ಟಾಪ್ ಬರುವ ದಾರಿಗಳು ಬೇರೆ ಬೇರೆ. ಈ ಭಾಗದಲ್ಲಿ, ಕರಾವಳಿಯ ಉಳಿದ ಊರುಗಳಂತೆಯೇ, ದುಬೈಯಲ್ಲೋ ಕುವೈತಿನಲ್ಲೋ ದುಡಿಯುವ ನೆಂಟರೊಬ್ಬರಾದರೂ ಇರುವ ಮನೆಗಳು ಹಲವು. ರಜೆಗೆ ಬಂದ ಮಾವ ತಾನು ಬಳಸಿದ ಲ್ಯಾಪ್‌ಟಾಪನ್ನು ಅಕ್ಕನ ಮಗನಿಗೆ ಕೊಟ್ಟು ಹೋಗುತ್ತಾನೆ. ಅಂಥ ಯಂತ್ರವನ್ನು ನೋಡಿದರೇ ತಿಳಿಯುತ್ತದೆ: ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಅರಬ್ಬಿ ಅಕ್ಷರ, ಇಲ್ಲಿನ ಸಾಕೆಟ್ಟಿಗೆ ಕೂರದ ಚಪ್ಪಟೆ ಪಿನ್ನುಗಳ ಪ್ಲಗ್ಗು, ದುಬೈಯಿಂದ ಬಂದದ್ದಾದರೆ ಒಂದೂವರೆ ಗಂಟೆ ಹಿಂದಿರುವ ಗಡಿಯಾರ. ವಾಮಂಜೂರು, ಅಡ್ಯಾರು ಕಡೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದು ಮುಗಿಸಿದವರು ಕಿರಿಯರಿಗೆ ಮಾರುವುದೂ ಉಂಟು. ಇನ್ನು ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಎಸ್.ಪಿ. ರೋಡಿನಂಥ ಮಾರುಕಟ್ಟೆಗಳನ್ನು ಹಾದು ಊರಿನ ಅಂಗಡಿಗಳಿಗೆ ಬರುತ್ತವೆ. ನೆಂಟರಿಂದ ಬಂದದ್ದರಲ್ಲಿ ಸಲುಗೆ ಹೆಚ್ಚು, ಎಚ್ಚರ ಕಡಿಮೆ. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು ಎಂದು ಎರಡೂ ಕಡೆಯವರು ತಿಳಿಯುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಹಿಂದಿನ ಕಾಲದ ವಿಂಡೋಸ್ ಖಾತೆ ಆ ಯಂತ್ರದೊಳಗಷ್ಟೇ ಇರುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಮೈಕ್ರೋಸಾಫ್ಟಿನ ಆನ್‌ಲೈನ್ ಖಾತೆಯಿಂದಲೇ ಕಂಪ್ಯೂಟರಿನ ಒಳಹೊಗುವ ಪದ್ಧತಿ ಬಂತು. ಈಗ ಖಾತೆಯೆಂದರೆ ಬರೀ ಹೆಸರು, ಪಾಸ್‌ವರ್ಡ್ ಅಲ್ಲ. ಮೇಲ್, ಫೋಟೊ, ಕಡತ, ಬ್ರೌಸರಿನಲ್ಲಿ ಉಳಿಸಿಟ್ಟ ಬ್ಯಾಂಕಿನ ಪಾಸ್‌ವರ್ಡ್, ಯಾವಾಗಲೋ ಸ್ಕ್ಯಾನ್ ಮಾಡಿಟ್ಟ ಆಧಾರ್ ಮತ್ತು ಪ್ಯಾನ್ ಎಲ್ಲವೂ ಅದರ ಬೆನ್ನಿಗೆ ಬರುತ್ತವೆ.

ಒನ್‌ಡ್ರೈವ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಚಾಲೂ ಇದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಇಟ್ಟದ್ದೆಲ್ಲ ತಾನಾಗಿ ಖಾತೆಯವರ ಕ್ಲೌಡಿಗೆ ಹೋಗುತ್ತದೆ. ಮಾವನ ಖಾತೆಯಲ್ಲೇ ಕೆಲಸ ಶುರು ಮಾಡಿದ ಹುಡುಗನ ಪ್ರಾಜೆಕ್ಟ್ ವರದಿ, ಅಂಕಪಟ್ಟಿಯ ಪ್ರತಿ, ಸ್ಕಾಲರ್‌ಶಿಪ್ಪಿನ ಅರ್ಜಿ ಎಲ್ಲವೂ ಕೊಲ್ಲಿಯಲ್ಲಿರುವ ಮಾವನ ಫೋನಿನಲ್ಲಿ ಕಾಣಿಸುತ್ತವೆ. ಇದರ ತಿರುಗುಮುರುಗು ಇನ್ನೂ ಕೆಟ್ಟದ್ದು. ಜಾಗ ಸಾಲದೆಂದು ಹುಡುಗ ಹಳೆಯ ಮದುವೆ ಫೋಟೊಗಳ ಫೋಲ್ಡರನ್ನು ಅಳಿಸಿದರೆ ಅವು ಕ್ಲೌಡಿನಿಂದಲೂ, ಮಾವನ ಫೋನಿನಲ್ಲಿ ಕಾಣುವ ಒನ್‌ಡ್ರೈವ್‌ನಿಂದಲೂ ಹೋಗುತ್ತವೆ. ಖಾಸಗಿ ಖಾತೆಯ ರೀಸೈಕಲ್ ಬಿನ್ನಿನಲ್ಲಿ ಅವು ಉಳಿಯುವುದು ಹೆಚ್ಚೆಂದರೆ 30 ದಿನ. ಅಷ್ಟರೊಳಗೆ ಯಾರೂ ಗಮನಿಸದಿದ್ದರೆ ಒಂದು ಸಂಸಾರದ ನೆನಪೇ ಹೋದಂತೆ. ಕ್ರೋಮ್ ಬ್ರೌಸರಿನ ಹಳೆಯ ಪ್ರೊಫೈಲಿನಲ್ಲಿ ಹೊಸಬರು ತಮ್ಮ ಜಿಮೇಲ್‌ನಿಂದ ಲಾಗಿನ್ ಆದರೆ ಇಬ್ಬರ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳು ಕಲಸಿಹೋಗುವುದುಂಟು. ‘ಫೈಂಡ್ ಮೈ ಡಿವೈಸ್’ ಚಾಲೂ ಇದ್ದರಂತೂ ಯಂತ್ರ ಎಲ್ಲಿದೆಯೆಂದು ಹಿಂದಿನವರು ಕೂತಲ್ಲಿಂದಲೇ ನೋಡಬಹುದು, ಅದಕ್ಕೆ ಬೀಗವನ್ನೂ ಹಾಕಬಹುದು. ಇಷ್ಟೆಲ್ಲ ಆಗಲು ಯಾರೂ ಕೆಟ್ಟವರಾಗಬೇಕಿಲ್ಲ.

ಖಾತೆಯ ಹೆಸರನ್ನು ಮಾತ್ರ ಬದಲಿಸುವುದರಿಂದ ಏನೂ ಆಗುವುದಿಲ್ಲ. ಅದು ಬೋರ್ಡು ಬದಲಿಸಿದಷ್ಟೇ. ಅಂಗಡಿಯಲ್ಲಿ ‘ಫಾರ್ಮ್ಯಾಟ್ ಹೊಡೆದು ಕೊಡುತ್ತೇವೆ’ ಎನ್ನುತ್ತಾರೆ. ಆದರೆ ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ಹಾರ್ಡ್ ಡಿಸ್ಕಿನಲ್ಲಿ ಕಡತಗಳ ಪಟ್ಟಿ ಅಳಿಯುತ್ತದೆಯೇ ಹೊರತು ಕಡತಗಳು ಅಳಿಯುವುದಿಲ್ಲ. ಅವುಗಳ ಮೇಲೆ ಬೇರೆ ಮಾಹಿತಿ ಬರೆಯುವ ತನಕ ಸಾಧಾರಣ ರಿಕವರಿ ತಂತ್ರಾಂಶದಿಂದಲೇ ಅವನ್ನು ಮೇಲೆತ್ತಬಹುದು. ಅಮೆರಿಕದ ಎಂಐಟಿಯ ಸಂಶೋಧಕರಾದ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಟ್ ಬಳಸಿ ಬಿಟ್ಟ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದು ಬರೀ 12. ಉಳಿದವುಗಳಿಂದ ಐದು ಸಾವಿರಕ್ಕೂ ಮಿಕ್ಕಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಜನರ ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ಸಿಕ್ಕವು. ತಂತ್ರಜ್ಞಾನ ಆಮೇಲೆ ಬಹಳ ಬದಲಾಗಿದೆ; ಮಾರುವವರ ಉದಾಸೀನ ಅಷ್ಟು ಬದಲಾದಂತೆ ಕಾಣುವುದಿಲ್ಲ.

ಕಂಪನಿಯಿಂದ ಬಂದ ಲ್ಯಾಪ್‌ಟಾಪಿನ ಸಮಸ್ಯೆ ಬೇರೆ. ಅದರಲ್ಲಿ ಹಿಂದಿನವರ ಫೋಟೊ ಇರುವುದಿಲ್ಲ, ಬೀಗ ಇರುತ್ತದೆ. ದೊಡ್ಡ ಕಂಪನಿಗಳು ತಮ್ಮ ಯಂತ್ರಗಳನ್ನು ಮೈಕ್ರೋಸಾಫ್ಟಿನ ಆಟೊಪೈಲಟ್ ವ್ಯವಸ್ಥೆಯಲ್ಲಿ ನೋಂದಾಯಿಸುತ್ತವೆ. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೂ, ವೈಫೈ ಸಿಕ್ಕಿದೊಡನೆ ಅದೇ ಕಂಪನಿಯ ಹೆಸರು ಬಂದು ಅಲ್ಲಿನ ಉದ್ಯೋಗಿಯ ಲಾಗಿನ್ ಕೇಳುತ್ತದೆ. ಇದನ್ನು ಸರಿಯಾಗಿ ತೆಗೆಯುವುದು ಆ ಕಂಪನಿಯ ಐಟಿ ವಿಭಾಗದಿಂದಲೇ ಆಗಬೇಕು. ವಿಂಡೋಸ್ ತೆರೆಯುವ ಮೊದಲೇ ಕೇಳುವ ಬಯಾಸ್ ಪಾಸ್‌ವರ್ಡ್ ಕೂಡ ಹೀಗೆಯೇ ಕಾಡುತ್ತದೆ. ಆಪಲ್ ಮ್ಯಾಕ್‌ನಲ್ಲಿ ಟಿ2 ಚಿಪ್ ಅಥವಾ ಆಪಲ್‌ನದೇ ಚಿಪ್ ಇದ್ದರೆ ಆಕ್ಟಿವೇಶನ್ ಲಾಕ್ ಇರಬಹುದು. 2019ರ ಕ್ಯಾಟಲೀನಾ ಆವೃತ್ತಿಯಿಂದ ಈ ಸೌಲಭ್ಯ ಬಂದಿದೆ. ಹಿಂದಿನವರು ತಮ್ಮ ಆಪಲ್ ಖಾತೆಯಿಂದ ಯಂತ್ರವನ್ನು ಬಿಡಿಸದಿದ್ದರೆ ಅದು ಬರೀ ಲೋಹದ ತಟ್ಟೆ. ಒಳ್ಳೆಯ ಸಂಗತಿಯೆಂದರೆ, ಅವರು ದೂರದ ಊರಿನಲ್ಲಿದ್ದರೂ ಐಕ್ಲೌಡ್ ಮೂಲಕ ಬಿಡಿಸಿಕೊಡಬಹುದು.

ಮಾಡಬೇಕಾದ ಕೆಲಸಕ್ಕೊಂದು ಕ್ರಮವಿದೆ, ಅದರ ಮೊದಲ ಭಾಗ ಮಾರುವವರದು. ತಮಗೆ ಬೇಕಾದ ಕಡತಗಳನ್ನು ಅವರು ಪೆನ್ ಡ್ರೈವಿಗೋ ಹೊರಗಿನ ಹಾರ್ಡ್ ಡಿಸ್ಕಿಗೋ ತೆಗೆದುಕೊಳ್ಳಬೇಕು. ಒನ್‌ಡ್ರೈವ್, ಬ್ರೌಸರ್, ವಾಟ್ಸ್ಆ್ಯಪ್‌ಗಳಿಂದ ಸೈನ್ ಔಟ್ ಆಗಬೇಕು. ಆಮೇಲೆ ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋಗಿ ‘ರೀಸೆಟ್ ದಿಸ್ ಪಿಸಿ’ ಆರಿಸಿ, ‘ರಿಮೂವ್ ಎವೆರಿಥಿಂಗ್’ ಒತ್ತಬೇಕು. ಅವಸರದವರು ಅಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಪುಟದಲ್ಲಿ ‘ಚೇಂಜ್ ಸೆಟ್ಟಿಂಗ್ಸ್’ ಎಂಬ ಸಣ್ಣ ಅಕ್ಷರದ ಕೊಂಡಿ ಇರುತ್ತದೆ. ಅದರೊಳಗಿನ ‘ಕ್ಲೀನ್ ಡೇಟಾ’ ಚಾಲೂ ಮಾಡಿದರೆ ಮಾತ್ರ ಹಳೆಯ ಕಡತಗಳನ್ನು ಮತ್ತೆ ಮೇಲೆತ್ತುವುದು ಕಷ್ಟವಾಗುತ್ತದೆ. ದೊಡ್ಡ ಹಾರ್ಡ್ ಡಿಸ್ಕಾದರೆ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಕರೆಂಟಿನ ಮೇಲೆ ಭರವಸೆ ಇಡದೆ ಬ್ಯಾಟರಿ ತುಂಬಿಸಿಕೊಂಡೇ ಶುರು ಮಾಡುವುದು ಲೇಸು. ಕೊನೆಗೆ ಅವರು ತಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪಟ್ಟಿಯಿಂದ ಈ ಯಂತ್ರವನ್ನು ತೆಗೆಯಬೇಕು.

ಮಾರಿದವರು ಕೈಗೆ ಸಿಗದಿದ್ದರೆ 8 ಜಿಬಿ ಪೆನ್ ಡ್ರೈವಿನಲ್ಲಿ ಮೈಕ್ರೋಸಾಫ್ಟಿನ ತಾಣದಿಂದಲೇ ವಿಂಡೋಸ್ ಇಳಿಸಿ, ಹಳೆಯ ವಿಭಾಗಗಳನ್ನೆಲ್ಲ ಅಳಿಸಿ, ಹೊಸದಾಗಿ ಹಾಕಬಹುದು. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಗಳ ಕೀಲಿ ಕೇಳುತ್ತಿದೆಯೆಂದು ಹೆದರಬೇಕಾಗಿಲ್ಲ. ಹಳೆಯ ಮಾಹಿತಿ ಓದಲು ಆ ಕೀಲಿ ಬೇಕು, ಅಳಿಸಲು ಬೇಡ. ಯಂತ್ರದ ಜೊತೆ ಬಂದ ಅಸಲಿ ವಿಂಡೋಸಿನ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ, ಅದೇ ಆವೃತ್ತಿ ಹಾಕಿದರೆ ಸಾಮಾನ್ಯವಾಗಿ ತಾನಾಗಿ ಸಿಗುತ್ತದೆ. ಅಂಗಡಿಯಲ್ಲಿ ಕಳ್ಳ ವಿಂಡೋಸ್ ಹಾಕಿಸಿಕೊಳ್ಳುವ ಅಗತ್ಯವೇ ಇಲ್ಲ. ಪಾಸ್‌ವರ್ಡ್ ಮುರಿಸಿ ಹಳೆಯ ಖಾತೆಯೊಳಗೆ ನುಗ್ಗುವುದಂತೂ ಬೇಡ. ಅಲ್ಲಿರುವುದು ಬೇರೆಯವರ ಬದುಕು.

ಕೊಳ್ಳುವ ಮೊದಲು ಪ್ರೊಸೆಸರಿನ ಸಂಖ್ಯೆ ನೋಡುವುದು ಒಳ್ಳೆಯದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅದರ ನಂತರದ ತಲೆಮಾರಿನದು ಬೇಕು: ಐ5-8250ಯು ಆಗುತ್ತದೆ, ಐ5-7200ಯು ಆಗುವುದಿಲ್ಲ. ಆಗದ ಯಂತ್ರವನ್ನು ಎಸೆಯಬೇಕಿಲ್ಲ. ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಿದರೆ ಓದು, ಬರಹ, ಇಂಟರ್‌ನೆಟ್ಟಿಗೆ ಇನ್ನೂ ಕೆಲವು ವರ್ಷ ಬರುತ್ತದೆ. ಹೊಸ ಖಾತೆ ತೆರೆದ ಮೇಲೆ ಕನ್ನಡ ಕೀಲಿಮಣೆ ಸೇರಿಸಿಕೊಳ್ಳಬೇಕು. ನುಡಿ ತಂತ್ರಾಂಶದಲ್ಲಿ ಬಳಕೆಯಾಗುವ ಕೀಲಿವಿನ್ಯಾಸಕ್ಕೆ ಮೂಲ ಹಾಕಿಕೊಟ್ಟ ಕೆ.ಪಿ. ರಾವ್ ಇದೇ ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ಅರಬ್ಬಿ ಅಚ್ಚಾದ ಕೀಲಿಗಳ ಮೇಲೂ ಆ ವಿನ್ಯಾಸ ಸಲೀಸಾಗಿ ಕೂರುತ್ತದೆ, ಏಕೆಂದರೆ ಕೈ ಹುಡುಕುವುದು ಇಂಗ್ಲಿಷ್ ಅಕ್ಷರವನ್ನು.

ಕಾಗದಪತ್ರವನ್ನೂ ಮರೆಯುವಂತಿಲ್ಲ. ಕದ್ದ ಕಂಪ್ಯೂಟರೆಂದು ಗೊತ್ತಿದ್ದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಬಿ ಕಲಮಿನಂತೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಖಾತೆಯ ಹೆಸರು ಒಂದು, ಮಾರುವವರ ಹೆಸರು ಇನ್ನೊಂದು ಇದ್ದರೆ ಬಿಲ್ಲು ಕೇಳುವುದರಲ್ಲಿ ಸಂಕೋಚ ಬೇಡ. ನೆಂಟರೇ ಇರಲಿ, ಅಂಗಡಿಯವರೇ ಇರಲಿ, ಹೊಸ ಕಂಪ್ಯೂಟರಿನಂತೆ ದೇಶ ಯಾವುದು, ಭಾಷೆ ಯಾವುದು ಎಂದು ಕೇಳುವ ಮೊದಲ ಪರದೆ ಬರಬೇಕು. ವೈಫೈಗೆ ಜೋಡಿಸಿದ ಮೇಲೂ ಬೇರೆಯವರ ಹೆಸರು ಕಾಣಿಸಬಾರದು. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ದುಡ್ಡು ಕೊಡಿ.